ಕಿಂಡಿಯ ಬಳಿ ನಿಂತ ಭಾವ

ಕಥೆ ಕಟ್ಟುವಷ್ಟು ಕಲ್ಪನೆ ನನಗಿಲ್ಲ. ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಆಫೀಸು, ಕ್ರಾನ್‌ಬರ್ನ್‌ನಲ್ಲಿ ಮನೆ... ನನ್ನ ಬದುಕು ಇಷ್ಟೇ. ಆದರೆ ಕಳೆದ ಡಿಸೆಂಬರ್‌ನಲ್ಲಿ ಕಂಡದ್ದನ್ನು ಕಂಡಿಲ್ಲ ಎನ್ನಲಾರೆ.

ನಾನು, ಹೆಂಡತಿ ವೀಣಾ, ಸಿಡ್ನಿಯಲ್ಲಿರುವ ನನ್ನ ಅಕ್ಕ ಮತ್ತು ಭಾವ, ನಾಲ್ವರೂ ರಜೆಗೆ ಇಟಲಿಗೆ ಹೋಗಿದ್ದೆವು. ಎಲ್ಲರೂ ಧಾರವಾಡದವರೇ. ಆಲ್ಪ್ಸ್ ಬೆಟ್ಟಗಳ ನಡುವಿನ ಒಂದು ಕಣಿವೆಯಲ್ಲಿ, ಬಂಡೆಯ ನೆತ್ತಿಯ ಮೇಲೆ, ಹಳೆಯ ಕೋಟೆಯೊಂದಿತ್ತು. ರಾಜರಾಣಿಯರು ವಾಸಿಸಿದ ಜಾಗವಲ್ಲ. ಬರೀ ಸೈನಿಕರಿಗಾಗಿ ಕಟ್ಟಿದ್ದು. ಒಂದು ಚಿತ್ರವಿಲ್ಲ, ಕುರ್ಚಿಯಿಲ್ಲ. ಕಲ್ಲು, ಕಲ್ಲಿನ ಮೇಲೆ ಕಲ್ಲು.

ನಾಲ್ಕೂವರೆಗೇ ಕತ್ತಲಾಗತೊಡಗಿತು. ಮುಚ್ಚುವ ಗಂಟೆ ಬಾರಿಸಿದರು. ಹೆಂಗಸರು ಕೆಳಗೆ ಟಿಕೆಟ್ ಕೋಣೆಯಲ್ಲಿ ಬೆಚ್ಚಗೆ ಸೇರಿಕೊಂಡರು. ಭಾವ ಮಾತ್ರ ಕಾಣಲಿಲ್ಲ. ಅವರನ್ನು ಹುಡುಕುತ್ತಾ ನಾನು ಮೇಲೆ ಹತ್ತಿದೆ.

ಮೂರನೆಯ ಅಂತಸ್ತಿನಲ್ಲಿ ವಾಸನೆ ಬದಲಾಯಿತು. ಒದ್ದೆ ಉಣ್ಣೆ, ತುಕ್ಕು, ಕಮಟು ಕೊಬ್ಬು... ಚಳಿಗೆ ಯಾರೋ ಕಾಲು ಬಡಿಯುತ್ತಿದ್ದ ಸದ್ದು. ಟಕ್... ಟಕ್...

ಭಾವ ಗೋಡೆಯ ಕಿಂಡಿಯ ಎದುರು ನಿಂತಿದ್ದರು. ಅವರು ಎರಡು ನಿಮಿಷ ಒಂದು ಕಡೆ ನಿಲ್ಲುವ ಮನುಷ್ಯರಲ್ಲ. ಈಗ ಕಂಬದ ಹಾಗೆ ನಿಂತು, ರೆಪ್ಪೆ ಬಡಿಯದೆ ಕಣಿವೆಯನ್ನು ನೋಡುತ್ತಿದ್ದರು. ಅವರ ಕಾಲುಗಳು ಅಲುಗುತ್ತಿರಲಿಲ್ಲ. ಹಾಗಾದರೆ ಆ ಸದ್ದು...

ತೋಳು ಹಿಡಿದು ಎಳೆದೆ. ಕದಲಲಿಲ್ಲ. ಜಾಕೆಟ್ಟಿನೊಳಗಿನ ತೋಳು ಕಲ್ಲಿನಷ್ಟೇ ತಣ್ಣಗಿತ್ತು.

"ಸಂತೋಷ," ಎಂದು ನನ್ನ ಹೆಸರು ಹಿಡಿದು ಕರೆದರು, ತಿರುಗದೆಯೇ. "ಇನ್ನೊಬ್ಬಾಂವ ಬರೂತನಕ ಜಾಗಾ ಬಿಡಾಕ ಬರೂದಿಲ್ಲ."

"ಯಾರು ಬರಬೇಕ್ರಿ?"

"ಮುಂದಿನ ಪಾಳಿಯಾಂವ. ಭಾಳ ಹೊತ್ತಾತು... ಯಾರೂ ಬರವಲ್ಲರು."

ಮತ್ತೆ ಗಂಟೆ ಬಾರಿಸಿದರು. ಕೆಳಗೆ ಒಂದೊಂದೇ ದೀಪ ಆರುತ್ತಿತ್ತು. ಭಾವನ ತುಟಿ ನೀಲಿಗಟ್ಟಿತ್ತು. ನನಗೆ ಬೇರೇನೂ ತೋಚಲಿಲ್ಲ. ಹೇಗಾದರೂ ಅವರನ್ನು ಅಲ್ಲಿಂದ ಬಿಡಿಸಬೇಕಿತ್ತು.

"ಹಂಗಾದ್ರ ನಾ ನಿಲ್ಲತೀನಿ. ನೀವು ಹೋಗ್ರಿ."

ಭಾವ ಉಸಿರು ಬಿಟ್ಟರು. ಮೆಟ್ಟಿಲ ಕಡೆ ನಡೆದರು. ಅವರ ರಬ್ಬರ್ ಶೂ ಸದ್ದು ಮಾಡಲಿಲ್ಲ. ಆದರೆ ಅವರಿಗಿಂತ ಮುಂದೆ, ಭಾರವಾದ ಹೆಜ್ಜೆಗಳು ಕಲ್ಲುಮೆಟ್ಟಿಲು ಇಳಿದು ಹೋದವು... ತುಂಬಾ ದಣಿದವರ ಹೆಜ್ಜೆಗಳು.

ನಾನೂ ಇಳಿಯಲು ಹೊರಟೆ. ಕಾಲು ಏಳಲಿಲ್ಲ. ಕಿಂಡಿಯಾಚೆ ಕಣಿವೆಯ ರಸ್ತೆ ಕಪ್ಪಾಗುತ್ತಿತ್ತು. ಅದರ ಮೇಲಿಂದ ಕಣ್ಣು ತೆಗೆಯುವುದು ದೊಡ್ಡ ತಪ್ಪು ಎನ್ನಿಸಿತು. ಎಷ್ಟು ಹೊತ್ತು ನಿಂತೆನೋ ತಿಳಿಯದು. ಕೋಟೆಯ ಕಾವಲಿನವಳು ಟಾರ್ಚ್ ಹಿಡಿದು ಬಂದು, ಭುಜ ಹಿಡಿದು ನನ್ನನ್ನು ಕರೆದೊಯ್ದಳು. ಏನೂ ಕೇಳಲಿಲ್ಲ. ಕಿಂಡಿಯ ಕಡೆ ಒಮ್ಮೆಯೂ ನೋಡಲಿಲ್ಲ.

ಭಾವನಿಗೆ ಏನೂ ನೆನಪಿರಲಿಲ್ಲ. ಕಾರಿನಲ್ಲಿ ಬಿಸಿ ಕಾಫಿ ಕುಡಿಯುತ್ತಾ, ಅಲ್ಲೇನೈತಿ ನೋಡಾಕ, ಬರೇ ಗ್ವಾಡಿ, ಎಂದು ನಕ್ಕರು. ಈಗ ಸಿಡ್ನಿಯಲ್ಲಿ ಎಂದಿನಂತೆ ಮ್ಯಾಕ್ವೆರಿ ಪಾರ್ಕ್‌ನ ಆಫೀಸಿಗೆ ಹೋಗುತ್ತಾರೆ.

ನನಗೆ ಮಾತ್ರ ನಿದ್ದೆಯಿಲ್ಲ. ರಾತ್ರಿ ಎಚ್ಚರವಾದಾಗ ಮುಂಬಾಗಿಲ ಕಿಟಕಿಯ ಬಳಿ ನಿಂತಿರುತ್ತೇನೆ. ಎದುರಿಗೆ ನಮ್ಮದೇ ಸಬರ್ಬಿನ ಬೀದಿ, ಸಾಲಾಗಿಟ್ಟ ಕಸದ ಡಬ್ಬಿಗಳು. ಯಾರ ದಾರಿ ಕಾಯುತ್ತಿದ್ದೇನೋ ನನಗೇ ಗೊತ್ತಿಲ್ಲ. ಡಾಕ್ಟರು ಕೆಲಸದ ಒತ್ತಡ ಎಂದರು.

ಹೋದ ವಾರ ವೀಣಾ ಎದ್ದು ಬಂದಳು. ಬೆನ್ನ ಮೇಲೆ ಕೈಯಿಟ್ಟು, ಮೆಲ್ಲಗೆ, "ಎಷ್ಟ ದಣದೀರಿ... ಹೋಗಿ ಮಲಕೋರಿ. ನಿಮ್ಮ ಬದಲಿ ನಾ..."

ಅವಳ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿದೆ.

ಅವಳು ಕೈ ಕಿತ್ತೆಸೆದು ನನ್ನನ್ನೇ ನೋಡಿದಳು. ಅಂದಿನಿಂದ ಬೇರೆ ಕೋಣೆಯಲ್ಲಿ ಮಲಗುತ್ತಾಳೆ. ಕಾರಣ ಹೇಳಬೇಕು, ನಿಜ. ಆದರೆ ಹೇಳಿದರೆ, ನನ್ನ ಮೇಲಿನ ಕನಿಕರಕ್ಕೆ ಅವಳು ಆ ಮಾತನ್ನು ಪೂರ್ತಿ ಮಾಡಿಬಿಟ್ಟರೆ?

ಇನ್ನೂ ಹೇಳಿಲ್ಲ.