ಐವತ್ತು ಪಟ್ಟಿ ಮೇವು, ಒಂದು ನಾಲಿಗೆ

ಬೆಳಗಿನ ಐದೂವರೆ. ನಗರದಂಚಿನ ಮಿಯಾಪುರದ ಕೊನೆಯ ಅಪಾರ್ಟ್‌ಮೆಂಟುಗಳ ಹಿಂದೆ, ಕಟ್ಟಡ ಏಳಲು ಕಾದಿರುವ ನಾಲ್ಕು ಎಕರೆ ಜಾಗದಲ್ಲಿ ಮೇವಿನ ಜೋಳ ನಿಂತಿದೆ. ಬಂಡೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊಣಕಾಲೆತ್ತರದ ಸಾಲೊಂದರ ಮುಂದೆ ಕೂರುತ್ತಾರೆ. ಸುಳಿಯ ಪಕ್ಕದ ಎರಡು ಎಲೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಕಣ್ಣು ಮುಚ್ಚಿ ನಿಧಾನವಾಗಿ ಅಗಿಯುತ್ತಾರೆ. ಆಮೇಲೆ ಉಗುಳಿ, ಕುಡುಗೋಲನ್ನು ನೆಲಕ್ಕಿಡುತ್ತಾರೆ.

"ಇವತ್ತ ಇದು ಬ್ಯಾಡ್ರಿ."

ಈಗ ಕಂಡದ್ದೇನೆಂದು ಅರ್ಥವಾಗಲು ನನಗೆ ಕೆಲವು ಕ್ಷಣ ಬೇಕಾಗುತ್ತದೆ. ನೀರಿಲ್ಲದೆ ಬಳಲಿದ ಎಳೆ ಜೋಳವನ್ನು ಅಗಿದರೆ ಅದರ ಎಲೆಯಲ್ಲಿ ಸಯನೈಡ್ ಹುಟ್ಟುತ್ತದೆ. ಹಸಿದು ತಿಂದ ಎಮ್ಮೆ ಅರ್ಧ ಗಂಟೆಯಲ್ಲಿ ಸಾಯಬಹುದು. ಕಾಲೇಜಿನಲ್ಲಿ ಪರೀಕ್ಷೆಗೆಂದು ಬರೆದು ಮರೆತಿದ್ದ ವಾಕ್ಯ ಕಣ್ಣೆದುರು ಕೂತಿದೆ.

ಬಂಡೆಮ್ಮನ ಕೆಲಸ ನೋಡಲು ಬನ್ನಿ ಎಂದು ನನ್ನನ್ನು ಕರೆತಂದವರು ನಿವೃತ್ತ ಪಶುವೈದ್ಯ ಪ್ರಾಣೇಶ. ಅಜ್ಜನ ಕಾಲಕ್ಕೆ ಬೀದರಿನಿಂದ ಬಂದು ಇದೇ ನಗರದ ನಾಂಪಲ್ಲಿಯ ಕಚೇರಿಗಳಲ್ಲಿ ದುಡಿದ ಮನೆತನದವರು. ಎಲೆ ಅಗಿಯುವ ಸಂಗತಿ ಅವರಿಗೂ ಗೊತ್ತಿರಲಿಲ್ಲ. ಎಷ್ಟು ದಿನದಿಂದ ಹೀಗೆ ಎಂದು ಕೇಳುತ್ತಾರೆ.

"ಆ ಒಂಬತ್ತು ಎಮ್ಮಿ ಹ್ವಾದ ಮ್ಯಾಲಿಂದರಿ. ಹನ್ನೊಂದ ವರ್ಷ ಆತು."

"ನನಗ್ಯಾಕ ಹೇಳಲಿಲ್ಲಬೇ?"

"ನೀವು ಕೇಳಲಿಲ್ಲಲ್ರಿ."

ಬಂಡೆಮ್ಮನಿಗೆ ಐವತ್ನಾಲ್ಕು. ಊರು ಯಾದಗಿರಿ ಜಿಲ್ಲೆಯ ಶಹಾಪುರದ ಕಡೆ. ಈ ಹೊಲಕ್ಕೆ ನೆರಳು ಚೆಲ್ಲುವ ಎರಡು ಕಟ್ಟಡಗಳಿಗೆ ಅವರೇ ಕಾಂಕ್ರೀಟ್ ಹೊತ್ತಿದ್ದಾರೆ. ಬೆನ್ನು ಕೈಕೊಟ್ಟ ಮೇಲೆ ಜನಾರ್ದನ ಎಂಬವರ ಡೈರಿಯಲ್ಲಿ ಮೇವು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಅರವತ್ತು ಎಮ್ಮೆ, ತಲೆಗೆ ಇಪ್ಪತ್ತು ಕಿಲೊ ಹಸಿಮೇವು. ದಿನಕ್ಕೆ ಹನ್ನೆರಡು ಕ್ವಿಂಟಲ್. ಬಿಲ್ಡರ್ ಸದ್ಯಕ್ಕೆ ಬಿಟ್ಟುಕೊಟ್ಟಿರುವ ಈ ನಾಲ್ಕು ಎಕರೆಗೆ ಸುಣ್ಣ ಬಳಿದ ಕಲ್ಲು ನೆಟ್ಟು ಐವತ್ತು ಪಟ್ಟಿ ಮಾಡಿದ್ದಾರೆ. ಇನ್ನಿಬ್ಬರು ಕೂಲಿ ಹೆಂಗಸರೊಂದಿಗೆ ದಿನಕ್ಕೊಂದು ಪಟ್ಟಿ ಕೊಯ್ಯುತ್ತಾರೆ. ನಾಲ್ಕು ಬೆರಳು ಕೂಳೆ ಬಿಟ್ಟು ಕೊಯ್ದರೆ ಬೆಳೆ ಮತ್ತೆ ಚಿಗುರುತ್ತದೆ. ಐವತ್ತೊಂದನೇ ದಿನ ಮೊದಲ ಪಟ್ಟಿ ಎದೆಯೆತ್ತರ ನಿಂತು ಕಾಯುತ್ತಿರುತ್ತದೆ. ನಾಲ್ಕು ಸಾಲು ಜೋಳಕ್ಕೆ ಎರಡು ಸಾಲು ಅಲಸಂದೆ. ಬರೀ ಜೋಳ ತಿಂದರೆ ಎಮ್ಮೆಯ ಹಾಲಿಗೆ ಸತ್ವ ಬರುವುದಿಲ್ಲ ಎಂಬುದು ಅವರ ಲೆಕ್ಕ. ವಿಜ್ಞಾನವೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ.

ಅವರ ಊರಲ್ಲಿ ಒಂದು ಕಟ್ಟಳೆ ಇತ್ತು. ಜೋಳ ಕೊಯ್ದ ಮೇಲೆ ಕೂಳೆಯಲ್ಲಿ ಒಡೆಯುವ ಚಿಗುರು ಹೊಲದ ತಾಯಿಯ ಪಾಲು. ಅದು ಒಣಗುವವರೆಗೆ ಯಾರೂ ದನ ಬಿಡುವಂತಿಲ್ಲ. ಯಾಕೆಂದು ಯಾರೂ ಹೇಳಿರಲಿಲ್ಲ, ಬಂಡೆಮ್ಮನೂ ಕೇಳಿರಲಿಲ್ಲ. ಹನ್ನೊಂದು ವರ್ಷದ ಹಿಂದಿನ ಜುಲೈನಲ್ಲಿ ಬೋರು ಕೆಟ್ಟು ಮೂರು ವಾರ ನೀರಿಲ್ಲದೆ ಬೆಳೆ ಮೊಣಕಾಲಿಗೇ ನಿಂತಿತು. ಒಂದು ಮಳೆ ಬಿತ್ತು. ಎರಡೇ ದಿನದಲ್ಲಿ ಕೂಳೆ ಕಡು ಹಸಿರಾಗಿ ಚಿಗುರಿತು.

"ಬಿಲ್ಡರ್ ಜಾಗಾದಾಗ ಹೊಲದ ತಾಯಿ ಎಲ್ಲಿರತಾಳ ಅಂದ್ಕೊಂಡೆ," ಎನ್ನುತ್ತಾರೆ. "ಒಂಬತ್ತು ಎಮ್ಮಿ ಆಗಷ್ಟೆ ಈದಿದ್ದವು, ಅವಕ್ಕ ಎಳೀದು ಹಾಕೂಣಂತ ಆರಿಸಿ ಆರಿಸಿ ಕೊಯ್ದೆ."

ಒಂಬತ್ತು ಬಾಣಂತಿ ಎಮ್ಮೆಗಳು ನಿಂತಲ್ಲೇ ನಡುಗಿ ಉರುಳಿದವು. ಯಾರೋ ವಿಷ ಹಾಕಿದ್ದಾರೆಂದು ಕೊಟ್ಟಿಗೆಯ ತುಂಬ ಗದ್ದಲ. ಹೊಟ್ಟೆ ಕೊಯ್ದು ನೋಡಿದವರು ಪ್ರಾಣೇಶರೇ. ಸಯನೈಡಿನ ಗುರುತಾಗಿ ರಕ್ತ ಕುಂಕುಮದಷ್ಟು ಕೆಂಪಗಿತ್ತು. ಜೋಳದ ವಿಷ ಎಂದು ಅವರು ಹೇಳಿದಾಗ, ಕೊಯ್ದವಳು ನಾನು ಎಂದು ಬಂಡೆಮ್ಮ ಮುಂದೆ ಬಂದು ನಿಂತರು. ಬಂಡೆಮ್ಮನನ್ನು ಜನಾರ್ದನ ಕೆಲಸದಿಂದ ಬಿಡಿಸಲಿಲ್ಲ. ಇನ್ನು ಈ ತಪ್ಪನ್ನು ಬೇರೆ ಯಾರು ಮಾಡಿದರೂ ನೀನು ಮಾಡುವುದಿಲ್ಲ ಎಂದರಂತೆ.

ಮರುದಿನದಿಂದ ಪ್ರತಿ ಪಟ್ಟಿಯನ್ನೂ ಬಾಯಲ್ಲಿ ನೋಡುವುದು ಶುರುವಾಯಿತು. ಕಹಿ ಹತ್ತಿದರೆ ಆ ಪಟ್ಟಿ ಅವತ್ತು ಕೊಯ್ಯುವುದಿಲ್ಲ. ಎರಡು ಸಲ ತಲೆ ಸುತ್ತಿ ಬದುವಿನ ಮೇಲೆ ಕೂತದ್ದುಂಟು. ಒಂದು ಆಡು ಕಟ್ಟಿಕೊಂಡು ಅದಕ್ಕೆ ತಿನ್ನಿಸಿ ನೋಡು ಎಂದು ಜೊತೆಯವರು ಹೇಳಿದ್ದರು.

"ಒಂಬತ್ತು ಜೀವ ತಿಂದಾಕಿಗೆ ಹತ್ತನೇದು ಯಾಕ್ರಿ?" ಎನ್ನುತ್ತಾರೆ, ಕುಡುಗೋಲಿನ ಮಣ್ಣು ಒರೆಸುತ್ತ.

ಅಷ್ಟರಲ್ಲಿ ಜನಾರ್ದನ ಬರುತ್ತಾರೆ. ಇಂದು ಮೂವತ್ತೊಂದನೇ ಪಟ್ಟಿಯ ಸರದಿ. ಈ ಸಲವೂ ಮೂರು ವಾರ ನೀರಿಲ್ಲ, ಮೊನ್ನೆ ಮಳೆ, ಮೊಣಕಾಲೆತ್ತರದ ಕಡು ಹಸಿರು. ಎಮ್ಮೆಗಳು ಆಗಲೇ ಕೂಗುತ್ತಿವೆ. ಅರ್ಧ ಪಟ್ಟಿಯಾದರೂ ಕೊಯ್ಯಿ, ಒಣಹುಲ್ಲಿನ ಜೊತೆ ಬೆರೆಸೋಣ ಎಂಬ ಹಟ ಅವರದು. ಬಂಡೆಮ್ಮ ಎದ್ದು ಸಾಲಿಗೆ ಅಡ್ಡ ನಿಲ್ಲುತ್ತಾರೆ.

"ಸಾಹುಕಾರ್ರ, ಮೊದಲ ನೀವು ಎರಡ ಎಲಿ ತಿನ್ರಿ. ಆಮ್ಯಾಲ ಕೊಯ್ತೀನಿ."

ಪ್ರಾಣೇಶ ಕಾರಿನಿಂದ ಚೀಲ ತರುತ್ತಾರೆ. ಜಜ್ಜಿದ ಎಲೆಯನ್ನು ಗಾಜಿನ ನಳಿಗೆಗೆ ತುಂಬಿ, ಎರಡು ಹನಿ ಕ್ಲೋರೋಫಾರ್ಮ್ ಬಿಟ್ಟು, ಪಿಕ್ರೇಟ್ ದ್ರಾವಣದಲ್ಲಿ ಅದ್ದಿದ, ಸಯನೈಡ್ ತಾಕಿದರೆ ಕೆಂಪಾಗುವ ಹಳದಿ ಕಾಗದದ ಪಟ್ಟಿಯನ್ನು ಎಲೆಗೆ ತಾಗದಂತೆ ಇಳಿಬಿಟ್ಟು ಬಿರಡೆ ಹಾಕುತ್ತಾರೆ. ನಾಲ್ವರೂ ಬಾಗಿ ನೋಡುತ್ತೇವೆ. ಆರನೇ ನಿಮಿಷಕ್ಕೆ ಕಾಗದದ ಅಂಚು ಕಿತ್ತಳೆ. ಹತ್ತನೆಯದಕ್ಕೆ ಇಡೀ ಕಾಗದ ಸುಟ್ಟ ಇಟ್ಟಿಗೆಯ ಕೆಂಪು. ಜನಾರ್ದನ ಎರಡು ಹೆಜ್ಜೆ ಹಿಂದೆ ಸರಿದು, ಲಾರಿಯವನಿಗೆ ಫೋನ್ ಮಾಡಿ ಹಿಂದಿಯಲ್ಲಿ ಒಣಗಿದ ಜೋಳದ ದಂಟಿನ ಸೊಪ್ಪೆ ಕೇಳುತ್ತಾರೆ.

ನಾಲಿಗೆ ಪ್ರಯೋಗಾಲಯವಲ್ಲ. ಈ ವಿಷದ ವಾಸನೆ ಎಷ್ಟೋ ಜನರಿಗೆ ಹುಟ್ಟಿನಿಂದಲೇ ತಿಳಿಯುವುದಿಲ್ಲ. ಬಂಡೆಮ್ಮ ಉಳಿದದ್ದು ಅಗಿದ ಎಲೆ ಎರಡೇ ಆದದ್ದರಿಂದ, ಮತ್ತು ಉಗುಳಿದ್ದರಿಂದ. ಆ ಜುಲೈನಲ್ಲೂ ಈ ಕಾಗದ ತಮ್ಮ ಚೀಲದಲ್ಲೇ ಇತ್ತು ಎಂದು ಪ್ರಾಣೇಶ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಒಮ್ಮೆ ತೋರಿಸಿ, ವರದಿ ಬರೆದು, ವಾಪಸ್ ಒಯ್ದಿದ್ದರು.

ಬಂಡೆಮ್ಮ ನಳಿಗೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಾರೆ. ಈ ಕಾಗದ ಒಂದಿಷ್ಟು ಬಿಟ್ಟು ಹೋಗುತ್ತೀರಾ ಎಂದು ಕೇಳುತ್ತಾರೆ. ವೈದ್ಯರು ನಳಿಗೆ, ಕ್ಲೋರೋಫಾರ್ಮ್, ಕಾಗದ ಎಲ್ಲ ಇದ್ದ ಪೆಟ್ಟಿಗೆಯನ್ನೇ ಅವರ ಕೈಗಿಡುತ್ತಾರೆ. ಬದುವಿನ ಮೇಲೆ ಬಟ್ಟೆಯಲ್ಲಿ ಕಟ್ಟಿಟ್ಟ ಬುತ್ತಿಯಿದೆ. ಬೆಳಿಗ್ಗೆ ಬಡಿದ ಜೋಳದ ರೊಟ್ಟಿ. ಬಂಡೆಮ್ಮ ಬಾಯಿ ಮುಕ್ಕಳಿಸಿ ಒಂದು ತುತ್ತು ಮುರಿಯುತ್ತಾರೆ.

"ಹನ್ನೊಂದ ವರ್ಷ ರೊಟ್ಟಿ ಬಾಯಾಗಿಟ್ರೂ ಮೊದಲ ಕಹಿ ಹುಡುಕಾಕತ್ತೀನ್ರಿ," ಎನ್ನುತ್ತಾರೆ. "ಇನ್ನ ಸುಮ್ನ ತಿನ್ನಬೇಕು."