ಬೋಡಿಲ್‌ಳ ಗುರುವಾರದ ಫೋನುಗಳು

ಕೆಲಸಕ್ಕೆ ಸೇರಿದ ಮೊದಲ ದಿನ ಐಟಿ ವಿಭಾಗದ ಗೋಡೆಯ ಮೇಲಿದ್ದ ದೊಡ್ಡ ಪರದೆಯನ್ನು ನಾನು ಹ್ಯಾಂಡ್‌ಬಾಲ್ ಲೀಗಿನ ಅಂಕಪಟ್ಟಿ ಎಂದುಕೊಂಡೆ. ಸ್ಕೀವೆ, ಹೋಬ್ರೊ, ಹೋಲ್ಸ್ಟೆಬ್ರೊ, ಟಿಸ್ಟೆಡ್ ಎಂದು ಊರುಗಳ ಹೆಸರು ಒಂದರ ಕೆಳಗೊಂದು; ಎದುರಿಗೆ ಅಂಕಿ; ಅಂಕಿಯ ಪಕ್ಕ ಮೇಲಕ್ಕೋ ಕೆಳಕ್ಕೋ ಮುಖ ಮಾಡಿದ ಬಾಣ. ಇನ್ನೇನು ಅಂದುಕೊಳ್ಳಬೇಕಿತ್ತು? ಹೊಸಬ ಬಾಯಿ ಬಿಡದೆ ನಿಂತರೆ ಪೆದ್ದನೆಂದುಕೊಂಡಾರು ಎಂದು, ಪಕ್ಕದಲ್ಲಿ ಕಾಫಿ ಬಗ್ಗಿಸಿಕೊಳ್ಳುತ್ತಿದ್ದ ಹೆಂಗಸಿಗೆ ಹೇಳಿದೆ:

"ಟಿಸ್ಟೆಡ್‌ನೋರು ಈ ಸಲಾನೂ ಕೊನೇಲೇ ಇದಾರಲ್ಲ. ಗೋಲ್‌ಕೀಪರ್ ಸರಿಯಿಲ್ಲ ಅನ್ಸುತ್ತೆ."

ಅವಳು ಕನ್ನಡಕದ ಮೇಲಿಂದ ನನ್ನನ್ನೂ ಪರದೆಯನ್ನೂ ಒಮ್ಮೆ ನೋಡಿದಳು. "ಗೋಲ್‌ಕೀಪರ್ ಚೆನ್ನಾಗೇ ಇದಾನೆ. ಎಗೋನ್ ಅಂತ ಹೆಸರು. ಮಿಕ್ಕ ಆರು ಜನಾನೇ ಇಲ್ಲ."

ಅಂಕಪಟ್ಟಿಯೇನೋ ಹೌದು, ಆಟದ್ದಲ್ಲ. ನಮ್ಮದು ಹಂದಿಗೂ ದನಕ್ಕೂ ಹಿಂಡಿ ತಯಾರಿಸುವ ಕಂಪನಿ. ಮುಖ್ಯ ಕಚೇರಿ ವಿಬೋರ್ಗ್‌ನಲ್ಲಿ, ಗಿರಣಿಗಳು ಯುಟ್‌ಲ್ಯಾಂಡ್ ಪ್ರಾಂತ್ಯದ ತುಂಬ. ಯಾವುದಾದರೂ ಗಿರಣಿಯಲ್ಲಿ ಕಂಪ್ಯೂಟರ್ ಕೈಕೊಟ್ಟು ಯಾರಾದರೂ ದೂರು ಕೊಟ್ಟರೆ, ಅದು ಸರಿಹೋಗಲು ಅವರು ಎಷ್ಟು ದಿನ ಕಾಯಬೇಕಾಯಿತು ಎಂಬ ಪಟ್ಟಿ ಅದು. ಟಿಸ್ಟೆಡ್‌ನ ಎದುರು ಹನ್ನೊಂದು ದಿನ ಎಂದಿತ್ತು. ಅಲ್ಲಿ ದುರಸ್ತಿಗೆ ಇದ್ದವನು ಎಗೋನ್ ಒಬ್ಬನೇ. ಜೊತೆಗಾರ ವಸಂತದಲ್ಲಿ ನಿವೃತ್ತನಾದ ಮೇಲೆ ಆ ಕುರ್ಚಿ ಖಾಲಿ ಬಿದ್ದಿತ್ತು. ಪಟ್ಟಿ ತಯಾರಿಸುತ್ತಿದ್ದವಳು ಕಾಫಿ ಬಗ್ಗಿಸಿಕೊಳ್ಳುತ್ತಿದ್ದ ಈ ಬೋಡಿಲ್. ನವೆಂಬರಿನ ಆಡಳಿತ ಮಂಡಳಿ ಸಭೆಯಲ್ಲಿ ಟಿಸ್ಟೆಡ್‌ಗೆ ಎರಡನೆಯವನನ್ನು ಕೊಡಿಸಬೇಕು ಎಂಬುದೊಂದೇ ಆ ವರ್ಷ ಅವಳ ತಲೆಯಲ್ಲಿ ಕೂತಿತ್ತು.

ಬೋಡಿಲ್‌ಗೆ ಆಗ ಅರವತ್ತೊಂದು. ಹತ್ತೊಂಬತ್ತರಲ್ಲಿ ಲಾರಿ ಚೀಟಿಗಳನ್ನು ಟೈಪ್ ಮಾಡಲು ಸೇರಿದವಳು. ಕಚೇರಿಗೆ ಮೊದಲ ಕಂಪ್ಯೂಟರ್ ಬಂದಾಗ ಅದನ್ನಿಡಲು ಜಾಗವಿದ್ದದ್ದು ಅವಳ ಮೇಜಿನ ಪಕ್ಕ ಮಾತ್ರ; ಹಾಗಾಗಿ ಐಟಿಯವಳಾದಳಂತೆ. ಅವತ್ತು ಫ್ರಿಜ್ ತಂದಿಟ್ಟಿದ್ದರೆ ಅಡುಗೆಯವಳಾಗಿರುತ್ತಿದ್ದೆ ಎಂದು ಅವಳೇ ಹೇಳುತ್ತಿದ್ದಳು. ಗಂಡ ಓಲ್‌ಬೋರ್ಗ್‌ಗೆ ಒಂದು ವರ್ಷದ ಕೆಲಸಕ್ಕೆಂದು ಹೋದವನು ಇಪ್ಪತ್ತು ವರ್ಷವಾದರೂ ಬಂದಿರಲಿಲ್ಲ. ಚಳಿಗಾಲದಲ್ಲೂ ಬೆಳಿಗ್ಗೆ ಸರೋವರದಲ್ಲಿ ಮುಳುಗೆದ್ದು, ಒದ್ದೆ ತಲೆಯಲ್ಲೇ ಸೈಕಲ್ ತುಳಿದುಕೊಂಡು ಬರುತ್ತಿದ್ದಳು. ಹನ್ನೊಂದೂವರೆಗೆ ಡಬ್ಬಿ ತೆರೆದರೆ ರೈ ಬ್ರೆಡ್ಡು, ಮೇಲೆ ಲಿವರ್ ಪೇಸ್ಟು, ಅದರ ಮೇಲೆ ಉಪ್ಪಿನಕಾಯಿ ಸೌತೆ. ಬೇರೇನನ್ನೂ ಅದರಲ್ಲಿ ನಾನು ಕಂಡಿಲ್ಲ.

ಅವಳ ಕೆಲಸದ ಒಂದು ರೀತಿಗೆ ಇಡೀ ವಿಭಾಗ ನಗುತ್ತಿತ್ತು. ಪ್ರತಿ ಗುರುವಾರ, 'ಮುಗಿಯಿತು' ಎಂದು ಮುಚ್ಚಿದ ದೂರುಗಳಲ್ಲಿ ಹತ್ತನ್ನು ಕಣ್ಣುಮುಚ್ಚಿ ಆರಿಸಿ, ಕೊಟ್ಟವರಿಗೆ ಫೋನ್ ಮಾಡುತ್ತಿದ್ದಳು. ಹವಾಮಾನ, ಮೊಣಕಾಲು, ಮೊಮ್ಮಗಳು ಎಲ್ಲ ಆದಮೇಲೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ನಿಜಕ್ಕೂ ಸರಿಹೋಯಿತಾ? ಇಲ್ಲ ಎಂದರೆ ಆ ದೂರನ್ನು ಮತ್ತೆ ತೆರೆಯುತ್ತಿದ್ದಳು, ಕಾದ ದಿನಗಳನ್ನು ಮೊದಲ ದಿನದಿಂದ ಎಣಿಸುತ್ತಿದ್ದಳು. ದುರಸ್ತಿ ಹುಡುಗರು ಅವಳನ್ನು ಹೆಣ ಎಬ್ಬಿಸುವವಳು ಎಂದು ಕರೆಯುತ್ತಿದ್ದರು. ನಾನೂ ಕರೆದಿದ್ದೇನೆ, ಅವಳಿಗೆ ಕೇಳಿಸದ ಹಾಗೆ.

ಆಗಸ್ಟ್‌ನಲ್ಲಿ ಹೊಸ ಮುಖ್ಯಸ್ಥ ಯೆಪ್ಪೆ ಬಂದ. ಕೋಪನ್‌ಹೇಗನ್ನಿನ ಯಾವುದೋ ವಿಮಾ ಕಂಪನಿಯಲ್ಲಿದ್ದವನು, ಹಿಂಡಿಯ ಧೂಳಿನಲ್ಲೂ ಬಿಳಿ ಬೂಟು ಹಾಕುತ್ತಿದ್ದ. ರಾಜಧಾನಿಯವರಿಗೆ ಹಂದಿಯ ಮುಂದು ಯಾವುದು ಹಿಂದು ಯಾವುದು ಎಂದು ಬೋರ್ಡು ಹಾಕಬೇಕು ಎಂದು ಬೋಡಿಲ್ ಅವನೆದುರೇ ಹೇಳಿದಾಗ ಅವನೂ ನಕ್ಕ. ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಮಂಡಳಿಯವರಿಗೆ ಓದಲು ಪುಟ ಕೊಡಬಾರದು, ನೋಡಲು ಬಣ್ಣ ಕೊಡಬೇಕು, ಸರಿಯಿದ್ದಲ್ಲಿ ಹಸಿರು, ಇಲ್ಲದಲ್ಲಿ ಕೆಂಪು ತೋರಿಸುವ ಒಂದು ಡ್ಯಾಶ್‌ಬೋರ್ಡ್ ಪರದೆ ನಮಗೆ ಬೇಕು ಎಂಬುದು ಅವನ ಮೊದಲ ಭಾಷಣ.

ಡ್ಯಾಶ್‌ಬೋರ್ಡಿನಲ್ಲಿ ಯಾರಿಗೆ ಏನೇನು ಬೇಕು ಎಂದು ಕೇಳಲು ಸಭೆ ಕರೆದ. ಎಲ್ಲರೂ ಹಳದಿ ಚೀಟಿಯಲ್ಲಿ ಬರೆದು ಗಾಜಿನ ಗೋಡೆಗೆ ಅಂಟಿಸಬೇಕು. ನಲವತ್ತೊಂದು ಚೀಟಿ ಬಿದ್ದವು. ಸರ್ವರ್ ನೋಡಿಕೊಳ್ಳುವವನಿಗೆ ಸರ್ವರ್ ನಿಲ್ಲದ ಗಂಟೆಗಳು ಕಾಣಬೇಕಂತೆ, ಭದ್ರತೆಯವಳಿಗೆ ತಾನು ತಡೆದ ವೈರಸ್‌ಗಳು, ದುರಸ್ತಿಯವರಿಗೆ ತಾವು ಮುಚ್ಚಿದ ದೂರುಗಳು. ಪ್ರತಿಯೊಬ್ಬನಿಗೂ ಬೇಕಾಗಿದ್ದದ್ದು ತಾನು ಬೆವರು ಸುರಿಸುತ್ತಿದ್ದೇನೆಂದು ತೋರಿಸುವ ಒಂದು ಡಬ್ಬಿ. ಬೋಡಿಲ್‌ಳ ಚೀಟಿಯಲ್ಲಿ ಇಷ್ಟೇ ಇತ್ತು: 'ಇವತ್ತು ಯಾರು ಕಾಯುತ್ತಿದ್ದಾರೆ?' ಯೆಪ್ಪೆ ಅದನ್ನು ಓದಿ, ತುಂಬಾ ಮುಖ್ಯವಾದದ್ದು ಎಂದು ಹೊಗಳಿ, 'ಮುಂದೆ ನೋಡೋಣ' ಎಂಬ ಸಾಲಿಗೆ ಅಂಟಿಸಿದ. ಡ್ಯಾಶ್‌ಬೋರ್ಡ್ ಕಟ್ಟುವ ಕೆಲಸ ನನ್ನ ತಲೆಗೆ ಬಂತು. ನನ್ನ ಯೋಗ್ಯತೆಯೆಂದರೆ ಮೂರು ದಿನದ ಒಂದು ತರಬೇತಿ; ಅದರಲ್ಲೂ ಎರಡನೆಯ ದಿನ ಹಲ್ಲುನೋವೆಂದು ಹೋಗಿರಲಿಲ್ಲ.

ಬೋಡಿಲ್‌ಳ ಅಂಕಿಗಳು ಎಲ್ಲಿಂದ ಬರುತ್ತವೆಂದು ತಿಳಿಯಲು ಒಂದು ಗುರುವಾರ ಅವಳ ಪಕ್ಕ ಕೂತೆ. ಮೂರನೆಯ ಫೋನ್ ಟಿಸ್ಟೆಡ್‌ನಲ್ಲಿ ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಕೂರುವ ಹೆಂಗಸಿಗೆ. ಅವಳ ಪರದೆ ದಿನಕ್ಕೆ ನಾಲ್ಕು ಸಲ ಸತ್ತುಹೋಗುತ್ತದೆ, ಲಾರಿಗಳು ಹೆದ್ದಾರಿಯವರೆಗೆ ನಿಲ್ಲುತ್ತವೆ, ಚಾಲಕರು ಅವಳನ್ನೇ ಬೈಯುತ್ತಾರೆ. ದೂರು ಕೊಟ್ಟರೆ ಮುಖ್ಯ ಕಚೇರಿಯಿಂದ 'ಒಮ್ಮೆ ಆರಿಸಿ ಹಾಕಿ ನೋಡಿ, ತಿಳಿಸಿ' ಎಂದು ಮಾರುತ್ತರ ಬರುತ್ತದೆ. ಅದು ಹೊರಟ ಕ್ಷಣಕ್ಕೆ ನಮ್ಮ ದೂರಿನ ಯಂತ್ರದಲ್ಲಿ ಕಾದ ಸಮಯ ಎಣಿಸುವ ಗಡಿಯಾರ ನಿಲ್ಲುತ್ತದೆ, ಏಕೆಂದರೆ ಈಗ ಕಾಯುತ್ತಿರುವವರು ನಾವು, ಅವಳಲ್ಲ. ಅವಳು ಅಂಗಳದಲ್ಲಿ ಲಾರಿಗಳ ನಡುವೆ ಓಡಾಡುತ್ತಿರುತ್ತಾಳೆ, ಮೂರು ದಿನ ಉತ್ತರಿಸುವುದಿಲ್ಲ, ದೂರು ತಾನಾಗಿ ಮುಚ್ಚಿಕೊಳ್ಳುತ್ತದೆ. ಹೀಗೆ ಐದು ಸಲ. ಯಂತ್ರದ ಪ್ರಕಾರ ಪ್ರತಿ ಸಲವೂ ಅವಳು ಕಾದದ್ದು ನಲವತ್ತು ನಿಮಿಷ.

ಫೋನಿಟ್ಟು ಬೋಡಿಲ್ ನನ್ನತ್ತ ತಿರುಗಿದಳು. "ಅರ್ಥ ಆಯ್ತಾ, ಆಸ್ಗರ್? ಗಡಿಯಾರ ನಿಂತ್ರೆ ಮನುಷ್ಯ ಕಾಯೋದು ನಿಲ್ಲಲ್ಲ."

ಆಯಿತು ಎಂದೆ. ಪುಸ್ತಕದಲ್ಲಿ ಬರೆದುಕೊಂಡೆ ಕೂಡ, ಕೆಳಗೆ ಎರಡು ಗೆರೆ ಎಳೆದು.

ಯಾವ ಗಡಿಯಾರ ಬಳಸಲಿ ಎಂದು ಯೆಪ್ಪೆಯನ್ನು ಕೇಳಿದಾಗ ಅವನು ಯಂತ್ರದ್ದೇ ಎಂದ. ಒಬ್ಬ ಹೆಂಗಸಿನ ಫೋನನ್ನು ಡ್ಯಾಶ್‌ಬೋರ್ಡಿಗೆ ಜೋಡಿಸಲಾಗುವುದಿಲ್ಲವಲ್ಲ. ಯಂತ್ರದ ಗಡಿಯಾರ ಹಾಕಿದ್ದೇ ಟಿಸ್ಟೆಡ್ ಹನ್ನೊಂದು ದಿನದಿಂದ ಐದು ಗಂಟೆಗೆ ಇಳಿದು ಹಸಿರಾಯಿತು. ನನಗೂ ಕಸಿವಿಸಿಯಾಗಿ, ಅದರ ಕೆಳಗೆ ಬೂದು ಬಣ್ಣದಲ್ಲಿ ಒಂದು ಸಣ್ಣ ಸಾಲು ಸೇರಿಸಿದೆ: 'ಉತ್ತರಕ್ಕಾಗಿ ಕಾದ ಸಮಯ ಸೇರಿಲ್ಲ.' ಬೂದು ಬಣ್ಣ ಕಣ್ಣಿಗೆ ಹೊಡೆಯುತ್ತದೆ, ತೆಗೆದುಬಿಡು ಎಂದ ಯೆಪ್ಪೆ. ತೆಗೆದೆ. ನಿನ್ನ ಕೈಯಲ್ಲಿ ಕಲೆ ಇದೆ ಎಂದೂ ಹೇಳಿದ. ಅವತ್ತು ಸಂಜೆ ಅಮ್ಮನಿಗೆ ಫೋನ್ ಮಾಡಿ ಈ ಮಾತನ್ನು ಮಾತ್ರ ತಿಳಿಸಿದೆ.

ಬೋಡಿಲ್ ಯೆಪ್ಪೆಯ ಕೋಣೆಗೆ ಎರಡು ಸಲ ಹೋದಳು. ಎರಡನೆಯ ಸಲ ಹೊರಬಂದು, ತಾನು ಕಾದ ದಿನಗಳನ್ನು ಎಣಿಸಿಟ್ಟ ಪಟ್ಟಿಯ ಪುಟವನ್ನು ಮಂಡಳಿಯ ವರದಿಗೆ ಅನುಬಂಧವಾಗಿ ಸೇರಿಸಲು ಒಪ್ಪಿದ್ದಾನೆ ಎಂದಳು. ಅನುಬಂಧ ಎಂದರೆ ಮೂವತ್ತೇಳನೆಯ ಪುಟ. ಅಲ್ಲಿಯವರೆಗೆ ಓದುವ ಮನುಷ್ಯ ಆ ಮಂಡಳಿಯಲ್ಲಿ ಒಬ್ಬನಿದ್ದ, ಅವನು ಆ ತಿಂಗಳು ಸೊಂಟದ ಆಪರೇಷನ್ ಮಾಡಿಸಿಕೊಂಡು ಮಲಗಿದ್ದ.

ನವೆಂಬರಿನ ಸಭೆಗೆ ಡ್ಯಾಶ್‌ಬೋರ್ಡ್ ತೋರಿಸಲು ನನ್ನನ್ನೂ ಕರೆದರು. ಇಸ್ತ್ರಿ ಮಾಡಿದ ಅಂಗಿಯಲ್ಲಿ ಹೋದೆ. ಮುಂಭಾಗಕ್ಕೆ ಮಾತ್ರ ಇಸ್ತ್ರಿ, ಹಿಂಭಾಗ ಕೋಟಿನೊಳಗಿತ್ತು. ಪರದೆಯಲ್ಲಿ ಹಸಿರು ಡಬ್ಬಿಗಳು ಸಾಲಾಗಿ ಬೆಳಗಿದಾಗ ಮಂಡಳಿಯವರು ಚಪ್ಪಾಳೆ ತಟ್ಟಿದರು. ಅಧ್ಯಕ್ಷ ಸ್ವತಃ ಹಂದಿ ಸಾಕುವ ರೈತ, ಮಾತು ಕಡಿಮೆ. ಎರಡನೆಯವನು ಬೇಕು ಎಂಬ ಟಿಸ್ಟೆಡ್‌ನ ಬೇಡಿಕೆಯ ಕಾಗದ ಅವನ ಮುಂದಿತ್ತು. ಅದನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದ. ಯೆಪ್ಪೆಯನ್ನು ಕೇಳಲಿಲ್ಲ, ನನ್ನನ್ನು ಕೇಳಿದ.

"ಟಿಸ್ಟೆಡ್ ಹಸಿರಿದೆಯಲ್ಲಪ್ಪ. ಇದು ನಿಜಾನಾ?"

ನನ್ನ ಪುಸ್ತಕ ಚೀಲದಲ್ಲೇ ಇತ್ತು, ಆ ಎರಡು ಗೆರೆಗಳ ಸಮೇತ. ಯೆಪ್ಪೆ ಕಾಫಿ ಲೋಟದ ಅಂಚನ್ನು ನೋಡುತ್ತಿದ್ದ. ಅಧ್ಯಕ್ಷನಿಗೆ ಅವಸರವೇನೂ ಇರಲಿಲ್ಲ, ರೈತ, ಕಾಯಬಲ್ಲ.

"ಸಿಸ್ಟಮ್ ಹಾಗೆ ತೋರಿಸುತ್ತೆ," ಎಂದೆ.

ಅಷ್ಟೇ. ಕೆನೆ ಹಚ್ಚಿದ ಕೇಕಿನ ತುಂಡೊಂದನ್ನು ನನ್ನ ತಟ್ಟೆಗೂ ಹಾಕಿದರು, ನಾನು ಅದನ್ನು ಪೂರ್ತಿ ತಿಂದೆ. ಟಿಸ್ಟೆಡ್‌ಗೆ ಎರಡನೆಯವನು ಬೇಡವೆಂದಾಯಿತು. ಇಷ್ಟು ಹಸಿರಿರುವ ಕಡೆ ಮೊದಲನೆಯವನಾದರೂ ಯಾಕೆ ಎಂದು ಇನ್ನೊಬ್ಬ ಸದಸ್ಯ ಕೇಳಿದ. ಎಗೋನ್‌ನ ಹುದ್ದೆಯನ್ನು ಹೊಸ ವರ್ಷದಿಂದ ವಿಬೋರ್ಗ್‌ಗೆ ಎಳೆದುಕೊಂಡರು. ಅವನಿಗೆ ಐವತ್ತೇಳು, ದಿನಾ ಹೋಗಿಬರಲು ಮೂರು ಗಂಟೆಯ ದಾರಿ. ಬಿಟ್ಟುಹೋದ. ಸುದ್ದಿಯನ್ನು ಫೋನಿನಲ್ಲಿ ಅವನಿಗೆ ಹೇಳಿದವಳು ಬೋಡಿಲ್. ಮುಖ್ಯಸ್ಥ ಪತ್ರ ಕಳಿಸಿದ್ದ, ಪತ್ರ ತಲುಪಿರಲಿಲ್ಲ. ಆ ಕರೆಯಲ್ಲಿ ಅವಳು ಹವಾಮಾನದ ಮಾತೆತ್ತಲಿಲ್ಲ. ಹದಿನೈದು ವರ್ಷ ವಾರವಾರ ಮಾತಾಡಿದ್ದರು, ಒಮ್ಮೆಯೂ ಮುಖ ನೋಡಿರಲಿಲ್ಲ.

ಅವಳ ಪುಟವನ್ನು ನಿಲ್ಲಿಸಿದರು. ಬದಲಿಗೆ ಡ್ಯಾಶ್‌ಬೋರ್ಡಿನ ಬಣ್ಣಗಳು ಎಲ್ಲ ಪರದೆಗಳಲ್ಲೂ ಸರಿಯಾಗಿ ಮೂಡುತ್ತಿವೆಯೇ ಎಂದು ನೋಡುವ ಕೆಲಸ ಕೊಟ್ಟರು. ಅದಕ್ಕೊಂದು ಉದ್ದನೆಯ ಹೆಸರೂ ಇತ್ತು. ನನಗೆ ಬಡ್ತಿ ಸಿಕ್ಕಿತು. ಟಿಸ್ಟೆಡ್‌ನಿಂದ ದೂರುಗಳು ನಿಧಾನವಾಗಿ ಕಡಿಮೆಯಾದವು. ನೋಡಿದೆಯಾ ಎಂದು ಯೆಪ್ಪೆ ನನ್ನ ಬೆನ್ನು ತಟ್ಟಿದ. ಅವರು ದೂರು ಕೊಡುವುದನ್ನೇ ಬಿಟ್ಟು, ತೂಕವನ್ನು ಮತ್ತೆ ಕಾಗದದಲ್ಲಿ ಬರೆಯುತ್ತಿದ್ದಾರೆ ಎಂದು ಬೋಡಿಲ್ ಹೇಳಿದಳು. ಗುರುವಾರದ ಫೋನುಗಳನ್ನು ಅವಳು ಬಿಟ್ಟಿರಲಿಲ್ಲ. ಉತ್ತರಗಳನ್ನು ಬರೆಯಲು ಮಾತ್ರ ಈಗ ಯಾವ ಜಾಗವೂ ಇರಲಿಲ್ಲ.

ಫೆಬ್ರುವರಿಯ ಒಂದು ದಿನ ಹನ್ನೊಂದೂವರೆಗೆ ಅವಳೆದುರು ಹೋಗಿ ಕೂತೆ. ಮೂರು ತಿಂಗಳಿಂದ ಅವಳು ನನ್ನೊಡನೆ ಸಭ್ಯವಾಗಿ ಮಾತಾಡುತ್ತಿದ್ದಳು, ಪರವೂರಿನವರೊಡನೆ ಮಾತಾಡುವ ಹಾಗೆ. ಒಮ್ಮೆಯೂ ಹಂಗಿಸಿರಲಿಲ್ಲ. ಹಂಗಿಸಿದ್ದರೆ ನನ್ನ ಪಾಡಿಗೆ ನಿದ್ದೆ ಮಾಡಿಕೊಂಡಿರುತ್ತಿದ್ದೆ. ಎಲ್ಲ ಮಾಡಿಸಿದವನು ಯೆಪ್ಪೆ, ನಾನು ಬರೀ ಕೂಲಿಯವನು ಎಂದು ಅವಳ ಬಾಯಲ್ಲೇ ಹೇಳಿಸಿಕೊಳ್ಳುವ ಆಸೆ ನನಗೆ. ಅವಳು ಬ್ರೆಡ್ಡಿನ ಮೇಲೆ ಸೌತೆಯ ತುಂಡುಗಳನ್ನು ಜೋಡಿಸುತ್ತಿದ್ದಳು.

"ಬೋಡಿಲ್, ನಿಂಗೆ ಯೆಪ್ಪೆ ಮೇಲೆ ಸಿಟ್ಟಾ, ನನ್ ಮೇಲಾ?"

"ನಿನ್ ಮೇಲೆ," ಎಂದಳು. "ಎರಡು ಸಲ ಹೇಳಿದ್ರೂ ಅವನಿಗೆ ಅರ್ಥ ಆಗಿರ್ಲಿಲ್ಲ. ನಿಂಗೆ ಅರ್ಥ ಆಗಿತ್ತು."