ಗೇಟಿಗೆ ಬಂದ ಬನ್ನಿ

“ಮೇಡಂ, ಇಲ್ಲೊಬ್ರು ನಿಮ್ಮ ಚಿಕ್ಕಪ್ಪ ಅಂತಾರೆ. ಆದ್ರೆ ಯಾರ ಮನೆಗೆ ಅಂತ ಪುಸ್ತಕದಲ್ಲಿ ಬರೀತಾನೇ ಇಲ್ಲ,” ಎಂದು ಗೇಟಿನ ಕಾವಲುಗಾರ ಫೋನ್ ಮಾಡಿದ. ಅಂದು ದಸರೆಯ ಮರುದಿನ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿಗೆ ಎತ್ತರದ ಕಾಂಪೌಂಡು, ಹೆಸರು ಬರೆಸುವ ಪುಸ್ತಕ ಆಗಷ್ಟೇ ಬಂದಿದ್ದವು.

ಇಳಿದು ಹೋದರೆ ನಮ್ಮೂರು ತಾಂಬಾದಿಂದ ಬಂದ ಕಾಕಾ! ಕೈಯಲ್ಲಿ ಪೆನ್ನು, ಹೆಗಲಲ್ಲಿ ಬನ್ನಿ ಎಲೆ ತುಂಬಿದ ಚೀಲ.

“ನಮ್ಮನಿ ನಂಬರ್ ಬರೀರಿ ಕಾಕಾ,” ಎಂದೆ.

“ಬನ್ನಿ ಕೊಡಾಕ ಬಂದಾಂವ ಒಂದ ಮನೀಗಿ ಹೋಗ್ತಾನೇನವಾ? ಉಳದವ್ರು ಏನ್ ತಿಳ್ಕೋಬೇಕು?”

ಕೊನೆಗೆ ‘ಯಾರನ್ನು ನೋಡಬೇಕು’ ಎಂಬಲ್ಲಿ ‘ಎಲ್ಲರನ್ನೂ’ ಎಂದು ಬರೆದು, ಮೊದಲ ಎಲೆಯನ್ನು ಕಾವಲುಗಾರನ ಕೈಗಿಟ್ಟರು. ನಾನು ನಾಚಿಕೊಂಡು ಹಿಂದೆ ನಡೆದೆ. ನಮ್ಮ ಎದುರು ಮನೆಯ ಬಾಗಿಲಿಗೆ ಬಂದಾಗ ಆ ಮನೆಯವರ ಹೆಸರೇನೆಂದು ಕಾಕಾ ಕೇಳಿದರು. ನನಗೆ ಗೊತ್ತಿರಲಿಲ್ಲ. ಕಾಕಾನೇ ಬೆಲ್ ಒತ್ತಿ, ಬಾಗಿಲು ತೆರೆದವರನ್ನೇ ಕೇಳಿದರು.

ಊರಿಗೆ ಮರಳಿ ವಾರದ ಮೇಲೆ ಕಾಕಾ ಫೋನ್ ಮಾಡಿದರು. ನನ್ನ ಕ್ಷೇಮಕ್ಕಿಂತ ಮೊದಲು, ಎದುರು ಮನೆಯ ಶಾರದಮ್ಮನ ಮೊಣಕಾಲು ನೋವು ಕಡಿಮೆಯಾಯಿತೇ ಎಂದು ವಿಚಾರಿಸಿದರು. ಎರಡು ವರ್ಷದಿಂದ ಎದುರಿಗೇ ಇದ್ದ ನಾನು, ಉತ್ತರ ತಿಳಿಯಲು ರಿಸೀವರ್ ಪಕ್ಕಕ್ಕಿಟ್ಟು, ಮೊದಲ ಸಲ ಒಬ್ಬಳೇ ಹೋಗಿ ಆ ಬಾಗಿಲು ತಟ್ಟಿದೆ.